ವಜ್ರವೋ, ಮಸಿಯೋ?

ವಜ್ರವೂ ಇಂಗಾಲ, ಇದ್ದಿಲೂ ಇಂಗಾಲ. 1797ರಲ್ಲಿ ಇಂಗ್ಲೆಂಡಿನ ಸ್ಮಿತ್ಸನ್ ಟೆನ್ನಂಟ್ ವಜ್ರವನ್ನು ಸುಟ್ಟಾಗ ಬಂದ ಇಂಗಾಲದ ಡೈ ಆಕ್ಸೈಡ್, ಅಷ್ಟೇ ತೂಕದ ಇದ್ದಿಲಿನಿಂದ ಬರುವಷ್ಟೇ ಇತ್ತು!

ಹಾಗಾದರೆ ಉಪಕರಣದ ಮೇಲೆ ಲೇಪಿಸಿದ ಇಂಗಾಲದ ತೆಳುಪೊರೆ ವಜ್ರವೇ, ಬರೀ ಮಸಿಯೇ? ಸುಟ್ಟರೆ ತಿಳಿಯದು. ಅದರ ಮೂಲಕ ಎಲೆಕ್ಟ್ರಾನುಗಳನ್ನು ಹಾಯಿಸಿ, ಅವು ಕಳೆದುಕೊಳ್ಳುವ ಶಕ್ತಿಯನ್ನು ಅಳೆಯಬೇಕು.

ಗ್ರಾಫೈಟಿನಲ್ಲಿ ಪ್ರತಿ ಪರಮಾಣುವಿಗೆ ಮೂರೇ ನೆರೆಯವರು. ಉಳಿದ ಎಲೆಕ್ಟ್ರಾನು ‘ಪೈ’ ಬಂಧದಲ್ಲಿರುತ್ತದೆ. ಅದರ ಗುರುತಾಗಿ ಸುಮಾರು 285 ಎಲೆಕ್ಟ್ರಾನ್ ವೋಲ್ಟಿನಲ್ಲಿ ಚೂಪು ಶಿಖರ ಮೂಡುತ್ತದೆ. ನಾಲ್ಕು ನೆರೆಯವರಿರುವ ವಜ್ರದಲ್ಲಿ ಆ ಶಿಖರವಿಲ್ಲ. ಏರಿಕೆ ಶುರುವಾಗುವುದೇ 289ರ ಸುಮಾರಿಗೆ. ಹರಳಿನ ಕ್ರಮವಿಲ್ಲದ ಅಸ್ಫಟಿಕ ಇಂಗಾಲದಲ್ಲಿ ಶಿಖರವುಂಟು, ಆದರೆ ಗಿಡ್ಡ, ಮೊಂಡು.

ಪೊರೆಯಲ್ಲಿ ಈ ಶಿಖರ ದೊಡ್ಡದಾದಷ್ಟೂ ವಜ್ರದ ಗಡಸುತನ ದೂರ.