ಹಾರ್ಡ್, ಹಾರ್ಡ್ಲಿ ಮತ್ತು ಅಪ್ಪನ ಮಗ್ಗ

ಬಾಗಲಕೋಟೆಯ ನವನಗರದಿಂದ ಏಳನೆಯ ತರಗತಿಯ ಹುಡುಗಿಯೊಬ್ಬಳ ಪತ್ರ ಬಂದಿದೆ. ಬಾದಾಮಿಗೆ ಶಾಲಾ ಪ್ರವಾಸ ಹೋಗಿ ಬಂದು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದಾಳೆ. ಅದರಲ್ಲಿ 'ದ ಕೇವ್ಸ್ ಲುಕ್ ಬ್ಯೂಟಿಫುಲಿ' ಎಂಬ ವಾಕ್ಯಕ್ಕೆ ಟೀಚರು ಕೆಂಪು ಗೆರೆ ಎಳೆದಿದ್ದಾರಂತೆ. "ಕ್ರಿಯಾಪದದ ಜೊತೆ ಕ್ರಿಯಾವಿಶೇಷಣ ಬರಬೇಕು, 'ಲಿ' ಹಚ್ಚಬೇಕು ಅಂತ ಅವರೇ ಕಲಿಸಿದ್ದರು. ಹಚ್ಚಿದರೂ ತಪ್ಪು ಅಂದರೆ ಹೆಂಗ ಅಜ್ಜಾ?" ಎಂದು ಕೇಳಿದ್ದಾಳೆ.

ಮಗೂ, ಟೀಚರು ಎಳೆದ ಗೆರೆ ಸರಿ. ಆದರೆ ನಿನ್ನ ತಪ್ಪಿಗೆ ಕಾರಣ ದಡ್ಡತನವಲ್ಲ, ನೀನು ಕನ್ನಡದವಳು, ಅಷ್ಟೇ. ನಾವು 'ಗುಹೆ ಚೆಂದಾಗಿ ಕಾಣುತ್ತದೆ' ಎನ್ನುತ್ತೇವೆ, 'ಶಿಲ್ಪಿ ಚೆಂದಾಗಿ ಕೆತ್ತಿದ್ದಾನೆ' ಎಂದೂ ಎನ್ನುತ್ತೇವೆ. ಎರಡು ಕಡೆಗೂ ಒಂದೇ 'ಚೆಂದಾಗಿ' ಸಾಕು. ನಮ್ಮ 'ಆಗಿ' ಮನೆಯ ಹಿರಿಮಗಳಿದ್ದ ಹಾಗೆ, ಎಲ್ಲ ಕೆಲಸಕ್ಕೂ ಅವಳೇ. ಇಂಗ್ಲಿಷಿನವರು ಮಾತ್ರ ಆ ಕೆಲಸವನ್ನು ಇಬ್ಬರಿಗೆ ಹಂಚಿಬಿಟ್ಟಿದ್ದಾರೆ.

ಶಿಲ್ಪಿ ಕೆತ್ತಿದ. ಅದು ಕೈಯಿಂದ ಮಾಡಿದ ಕೆಲಸ. ಹೇಗೆ ಕೆತ್ತಿದ? ಬ್ಯೂಟಿಫುಲಿ. ಇಲ್ಲಿ 'ಲಿ' ಬೇಕು. ಆದರೆ ಗುಹೆ ಏನು ಮಾಡಿತು? ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಶಾಸನವಿದೆ, 578ನೆಯ ಇಸವಿಯದು. ಅಂದಿನಿಂದ ಆ ಗುಹೆ ಸುಮ್ಮನೆ ಅಲ್ಲೇ ಇದೆ, ನೋಡುವ ಕೆಲಸವೆಲ್ಲ ನಮ್ಮದು. ಚೆಂದ ಎಂಬುದು ಗುಹೆಯ ಗುಣ, ಕೆಲಸದ ರೀತಿ ಅಲ್ಲ. ಆದ್ದರಿಂದ 'ದ ಕೇವ್ಸ್ ಲುಕ್ ಬ್ಯೂಟಿಫುಲ್'.

ಗೊತ್ತು ಹಿಡಿಯಲು ನಾನು ಮಕ್ಕಳಿಗೆ ಹೇಳಿಕೊಡುವ ಉಪಾಯ ಇದು. ಕ್ರಿಯಾಪದ ತೆಗೆದು ಅಲ್ಲಿ 'ಈಸ್' ಅಥವಾ 'ಆರ್' ಇಟ್ಟು ನೋಡು. 'ದ ಕೇವ್ಸ್ ಆರ್ ಬ್ಯೂಟಿಫುಲ್'. ಅರ್ಥ ಕೆಡಲಿಲ್ಲ ತಾನೆ? ಹಾಗಾದರೆ 'ಲಿ' ಬೇಡ. ಲುಕ್, ಫೀಲ್, ಟೇಸ್ಟ್, ಸ್ಮೆಲ್, ಸೌಂಡ್, ಸೀಮ್ ಇವೆಲ್ಲ ಇದೇ ಜಾತಿಯವು. ಆದರೆ ಅದೇ 'ಲುಕ್' ನಿಜವಾಗಿ ನೋಡುವ ಕೆಲಸಕ್ಕೆ ನಿಂತರೆ 'ಲಿ' ಬರುತ್ತದೆ. ಮೊದಲನೆಯ ಗುಹೆಯ ನಟರಾಜನಿಗೆ ಹದಿನೆಂಟು ಕೈ. ಎಣಿಸಬೇಕಾದರೆ 'ಲುಕ್ ಕೇರ್‌ಫುಲಿ'. ಇಲ್ಲಿ 'ಈಸ್' ಇಟ್ಟರೆ ವಾಕ್ಯವೇ ನಿಲ್ಲುವುದಿಲ್ಲ.

ಒಂದು ತಮಾಷೆ ಹೇಳಲೇ? ನಮ್ಮ ಜಿಲ್ಲೆಯ ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ತಳಿ. 'ದ ಡಾಗ್ ಸ್ಮೆಲ್ಸ್ ಬ್ಯಾಡ್ಲಿ' ಎಂದರೆ ಅದಕ್ಕೆ ವಾಸನೆ ಹಿಡಿಯಲು ಬರುವುದಿಲ್ಲ ಎಂದಾಯಿತು. 'ಸ್ಮೆಲ್ಸ್ ಬ್ಯಾಡ್' ಎಂದರೆ ಇವತ್ತು ಅದಕ್ಕೆ ಸ್ನಾನ ಮಾಡಿಸಬೇಕು!

ಇನ್ನು ಕೆಲವು ಹಟಮಾರಿಗಳಿವೆ. 'ಫಾಸ್ಟ್' ಎಂದೂ ಫಾಸ್ಟ್ಲಿ ಆಗುವುದಿಲ್ಲ. 'ಗುಡ್' ಕ್ರಿಯೆಯ ಪಕ್ಕಕ್ಕೆ ಬಂದರೆ 'ವೆಲ್' ಆಗುತ್ತದೆ: ಶೀ ಸಿಂಗ್ಸ್ ವೆಲ್. ಹೆದ್ದಾರಿಯ ಬೋರ್ಡಿನ 'ಗೋ ಸ್ಲೋ' ತಪ್ಪೆಂದು ಒಬ್ಬ ಅಜ್ಜ ನನ್ನೊಡನೆ ವಾದಕ್ಕೇ ಬಿದ್ದಿದ್ದರು. ತಪ್ಪಲ್ಲ ಅಜ್ಜಾವರೇ, ಅದು ಹಳೆಯ ಬಳಕೆ, ಈಗಲೂ ನಡೆಯುತ್ತದೆ. ಆದರೆ 'ಹಾರ್ಡ್' ವಿಷಯಕ್ಕೆ ಬಂದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮ ಮನೆ ಇಳಕಲ್ಲಿನಲ್ಲಿ, ಅಪ್ಪ ನೇಕಾರ. ನಾನು ಬಸ್ಸಿನಲ್ಲಿ ಹುನಗುಂದದ ಒಂದು ಹೈಸ್ಕೂಲಿಗೆ ಹೋಗುತ್ತಿದ್ದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಅಪ್ಪ ನಸುಕಿನಲ್ಲಿ ಕುಣಿಮಗ್ಗಕ್ಕೆ ಇಳಿದರೆ ದೀಪ ಹಚ್ಚಿದ ಮೇಲೂ ಲಾಳಿಯ ಸದ್ದು ನಿಲ್ಲುತ್ತಿರಲಿಲ್ಲ. 'ಮೈ ಫಾದರ್' ಎಂದು ಪ್ರಬಂಧ ಬರೆಯಲು ಹೇಳಿದಾಗ ನಾನು ಬಹಳ ಅಭಿಮಾನದಿಂದ ಬರೆದೆ: 'ಮೈ ಫಾದರ್ ಹಾರ್ಡ್ಲಿ ವರ್ಕ್ಸ್'. ಕಷ್ಟಪಟ್ಟು ಎನ್ನಲು 'ಲಿ' ಹಚ್ಚಿದ್ದೆ. ಆದರೆ ಹಾರ್ಡ್ಲಿ ಎಂದರೆ 'ಅಪರೂಪಕ್ಕೆ, ಇಲ್ಲವೆನ್ನುವಷ್ಟು ಕಡಿಮೆ'. ನಮ್ಮಪ್ಪ ದುಡಿಯುವುದೇ ಇಲ್ಲ ಎಂದಂತಾಗಿತ್ತು. 'ವರ್ಕ್ಸ್ ಹಾರ್ಡ್' ಎಂದಿದ್ದರೆ ಸಾಕಿತ್ತು. ಮಾಸ್ತರರು ಗಟ್ಟಿಯಾಗಿ ಓದಿದರು, ತರಗತಿಯೆಲ್ಲ ನಕ್ಕಿತು.

ಸಂಜೆ ಅಪ್ಪ ಕೇಳಿದ, "ನನ್ನ ಮ್ಯಾಲ ಬರದೀಯಂತಲ್ಲೋ, ಓದು." ಅವನಿಗೆ ಇಂಗ್ಲಿಷ್ ಬಾರದು. "ನಮ್ಮಪ್ಪ ಭಾಳ ಕಷ್ಟಪಟ್ಟು ದುಡೀತಾನ ಅಂತ ಬರದೇನಿ" ಎಂದೆ. "ಮತ್ತ ಈ ಕೆಂಪು ಗೆರಿ?" "ಚೊಲೋ ಐತಿ ಅಂತ ಗುರ್ತು." ಅಪ್ಪ ಆ ಹಾಳೆಯನ್ನು ಮಡಚಿ ಮಗ್ಗದ ಮಗ್ಗುಲಿನ ಗೂಡಿನಲ್ಲಿಟ್ಟ. ಓಣಿಯವರು ಯಾರಾದರೂ ಬಂದರೆ ತೆಗೆದು ತೋರಿಸುತ್ತಿದ್ದ. ನೌಕರಿ ಸೇರಿದ ವರ್ಷ ದೀಪಾವಳಿಗೆ ಮನೆಗೆ ಹೋದಾಗ, ಅವನಿಲ್ಲದ ಹೊತ್ತು ನೋಡಿ ಹಾಳೆ ತೆಗೆದೆ. ವಾಕ್ಯವನ್ನು ಪೆನ್ನಿನಿಂದ ತಿದ್ದಿ, ಅದೇ ಮಡಿಕೆಯಲ್ಲಿ ಮಡಚಿ ಅಲ್ಲೇ ಇಟ್ಟೆ.

ಈ ವಾರದ ಕೆಲಸ: ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿಯ ರೊಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಮಾಡಿ. ಒಂದು ರೊಟ್ಟಿಯ ರುಚಿ ಹೇಳಲಿ, ಇನ್ನೊಂದು ಅಜ್ಜಿ ರೊಟ್ಟಿ ಬಡಿಯುವ ರೀತಿ ಹೇಳಲಿ. 'ಲಿ' ಎಲ್ಲಿ ಬಂತು ಎಂದು ನನಗೆ ಬರೆಯಿರಿ. ಅಜ್ಜಿಗೆ ಕನ್ನಡದಲ್ಲಿ ಹೇಳಿ.