ಮುಳುಗಿದವನಿಗೆ ಮಳೆಯೇನು?

ಮುಳುಗಿದವನಿಗೆ ಚಳಿಯೇನು, ಮಳೆಯೇನು ಎಂಬ ಗಾದೆ ಸಾಲಗಾರರನ್ನು ನೋಡಿ ಹುಟ್ಟಿರಬೇಕು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರಕ್ಕಿಳಿಯುವ ಸ್ಕೂಬಾ ಮಂದಿಗೆ ಅದು ಅರ್ಧ ಮಾತ್ರ ಒಪ್ಪುತ್ತದೆ. ಮೇಲೆ ಜಡಿಮಳೆ ಹೊಯ್ಯುತ್ತಿದ್ದರೂ ಹತ್ತು ಮೀಟರ್ ಆಳದಲ್ಲಿರುವವನಿಗೆ ಕೇಳುವುದು ಒಗ್ಗರಣೆಯ ಸಾಸಿವೆ ಸಿಡಿದಂಥ ಸಣ್ಣ ಸದ್ದು. ಬೆಳಕು ತುಸು ಮಂಕಾಗುತ್ತದೆ, ಮೀನುಗಳು ತಮ್ಮ ಪಾಡಿಗೆ ತಾವಿರುತ್ತವೆ. ಹೇಗೂ ನೆನೆಯಲೆಂದೇ ಹೊರಟವನಿಗೆ ಮಳೆಯ ಭಯವೇಕೆ ಎಂದು ದ್ವೀಪಗಳಿಗೆ ಟಿಕೆಟ್ ಕಾಯ್ದಿರಿಸುವವರು ಅಂದುಕೊಳ್ಳುವುದು ಇದರಿಂದಲೇ.

ಗಾದೆ ಕೈಕೊಡುವುದು ನೆಲದ ಮೇಲೆ ಬಿದ್ದ ಮಳೆ ಕಡಲಿಗೆ ಇಳಿದಾಗ. ಡೈವಿಂಗ್ ದ್ವೀಪಗಳಲ್ಲಿ ಹಲವು ಸಮುದ್ರದಿಂದ ನೇರ ಎದ್ದು ನಿಂತ ಗುಡ್ಡಗಳು. ಗುಡ್ಡ ಕಡಿದು ರಸ್ತೆ, ಹೋಟೆಲು ಮಾಡಿದ ಮೇಲೆ ಒಂದೇ ದಿನದ ಭಾರೀ ಮಳೆಗೆ ಮಣ್ಣು ತೊಳೆದು ನೀರಿಗೆ ಬರುತ್ತದೆ. ನಿನ್ನೆ ಇಪ್ಪತ್ತು ಮೀಟರ್ ಆಚೆಯ ಆಮೆ ಕಾಣುತ್ತಿದ್ದಲ್ಲಿ ಇಂದು ಚಾಚಿದ ಕೈಯ ಬೆರಳೂ ಮಸುಕು. ಸ್ಕೂಬಾದಲ್ಲಿ ಜೊತೆಗಾರನೇ ಜೀವವಿಮೆ. ತನ್ನ ಗಾಳಿ ಮುಗಿದರೆ ಅವನ ಸಿಲಿಂಡರಿನಿಂದ ಉಸಿರಾಡಿ ಮೇಲೆ ಬರಬೇಕು. ಅವನು ಕಣ್ಣಿಗೇ ಬೀಳದಿದ್ದರೆ?

ಸಿಹಿನೀರಿನ ಆಟ ಇನ್ನೂ ವಿಚಿತ್ರ. ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು 1025 ಕಿಲೋ ತೂಗಿದರೆ ಸಿಹಿನೀರು 1000 ಕಿಲೋ. ಹಾಗಾಗಿ ಹೊಳೆಯ ನೀರು ಕೂಡಲೇ ಬೆರೆಯದೆ ಮಜ್ಜಿಗೆಯ ಮೇಲಿನ ತಿಳಿಯಂತೆ ಮೇಲೆಯೇ ನಿಲ್ಲುತ್ತದೆ. ಎರಡೂ ಸೇರುವ ಗಡಿಯಲ್ಲಿ ಕಣ್ಣೆದುರಿನದೆಲ್ಲ ಬಿಸಿಲಿಗೆ ಕಾದ ಡಾಂಬರು ರಸ್ತೆಯ ಮೇಲಿನ ಗಾಳಿಯಂತೆ ನಡುಗುತ್ತದೆ. ಆ ಪದರದ ಕೆಳಗೆ ನೀರು ತಿಳಿಯಾಗಿರುವುದೂ ಉಂಟು. ಅನುಭವಿಗಳು ಅದನ್ನು ತೂರಿ ಇಳಿದು ಖುಷಿಪಡುತ್ತಾರೆ. ಹೊಸಬರು ಕಂಗೆಡುವುದು ಮೇಲೆ ಬಂದಾಗ. ಸರಂಜಾಮು ಸೇರಿ ನೂರು ಕಿಲೋ ತೂಗುವವನಿಗೆ ಉಪ್ಪುನೀರು ಕೊಡುತ್ತಿದ್ದ ಆಸರೆಯಲ್ಲಿ ಎರಡೂವರೆ ಕಿಲೋದಷ್ಟು ಖೋತಾ. ದಣಿದು ದೋಣಿಗಾಗಿ ತೇಲುತ್ತ ಕಾಯುವವನಿಗೆ ಅದೇನೂ ಸಣ್ಣ ಲೆಕ್ಕವಲ್ಲ. ಹೊಳೆ ತಂದ ಮರದ ದಿಮ್ಮಿ, ಚರಂಡಿಯ ಕೊಳೆ, ಅದರಿಂದ ಬರುವ ಕಿವಿಸೋಂಕು ಬೇರೆ.

ಡೈವರ್ ದೋಣಿ ಹತ್ತಿ ಹೋಗಬಹುದು, ಹವಳ ಎಲ್ಲಿಗೆ ಹೋದೀತು? ಆಸ್ಟ್ರೇಲಿಯದ ಕೆಪೆಲ್ ದ್ವೀಪಗಳ ಕಥೆ ಇದಕ್ಕೆ ಸಾಕ್ಷಿ. 1991ರ ಜನವರಿಯಲ್ಲಿ ಚಂಡಮಾರುತದ ಮಳೆಯಿಂದ ಉಕ್ಕಿದ ಫಿಟ್ಜ್‌ರಾಯ್ ನದಿಯ ನೀರು ಈ ದ್ವೀಪಗಳನ್ನು ಸುತ್ತುವರಿಯಿತು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಲ್ಲಿ ಬದುಕುವ ಜೀವಿಗಳ ಮೇಲೆ ದಿನಗಟ್ಟಲೆ ಸಪ್ಪೆನೀರು ನಿಂತಿತು. ಆಳವಿಲ್ಲದ ಕಡೆಯ ಹವಳಗಳು ಬಹುಪಾಲು ಸತ್ತವು, ಆಳದವು ಉಳಿದುಕೊಂಡವು. ಇಪ್ಪತ್ತು ವರ್ಷದ ನಂತರ, 2011ರಲ್ಲಿ, ಅದೇ ನದಿ ಮತ್ತೆ ಬಂತು. ಪ್ರವಾಸಿಗಳು ಹೆಚ್ಚಾಗಿ ನೋಡಬಯಸುವುದು ಆಳವಿಲ್ಲದ ಕಡೆಯ ಹವಳವನ್ನೇ ಎಂಬುದನ್ನು ನೆನಪಿಡಬೇಕು.

ಆದರೆ ಪ್ರಾಣಕ್ಕೆ ಸಂಚಕಾರ ತರುವುದು ನೀರಿಗಿಂತ ಹೆಚ್ಚಾಗಿ ದಾರಿ. ಅದೇ 2011ರ ಮಾರ್ಚ್ ಕೊನೆಯಲ್ಲಿ ಥಾಯ್ಲೆಂಡ್ ಕೊಲ್ಲಿಯ ಕೋ ತಾವೊ ದ್ವೀಪದಲ್ಲಿ ನಡೆದದ್ದು ನೋಡಿ. ಹೆಸರಿಗೆ ಆಮೆ ದ್ವೀಪ, ವಿಸ್ತೀರ್ಣ 21 ಚದರ ಕಿಲೋಮೀಟರ್, ವಿಮಾನ ನಿಲ್ದಾಣವಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಹೊಸಬರು ಸ್ಕೂಬಾ ಕಲಿಯುವ ಜಾಗಗಳಲ್ಲಿ ಅದೂ ಒಂದು. ಅಲ್ಲಿಯ ಮಳೆಗಾಲ ಅಕ್ಟೋಬರಿನಿಂದ ಡಿಸೆಂಬರ್. ಮಾರ್ಚ್ ಎಂದರೆ ಒಳ್ಳೆಯ ದಿನಗಳು. ಆ ವರ್ಷ ಕಾಲವಲ್ಲದ ಕಾಲದಲ್ಲಿ ಮಳೆ ಹಿಡಿಯಿತು. ಎದುರಿನ ದಕ್ಷಿಣ ಥಾಯ್ಲೆಂಡ್ ಮುಳುಗಿ ಹಲವು ಮಂದಿ ಸತ್ತರು. ದೋಣಿಗಳು ನಿಂತವು, ಪಕ್ಕದ ಸಮುಯಿ ದ್ವೀಪದ ವಿಮಾನಗಳೂ ರದ್ದಾದವು. ಕೊನೆಗೆ ಥಾಯ್ ನೌಕಾಪಡೆ ತನ್ನ ವಿಮಾನವಾಹಕ ಯುದ್ಧನೌಕೆ ಚಕ್ರಿ ನರುಬೆಟ್ ಅನ್ನೇ ಕಳಿಸಿತು. ನೂರಾರು ಪ್ರವಾಸಿಗಳು ಹೆಲಿಕಾಪ್ಟರಿನಲ್ಲಿ ಅದನ್ನು ಸೇರಿ ಸತ್ತಹೀಪ್ ಬಂದರು ಕಂಡರು.

ಬದುಕಿದೆವು ಎಂದು ಎಲ್ಲರೂ ಹತ್ತಬಹುದು, ಹಿಂದಿನ ದಿನ ಮುಳುಗಿದವರು ಮಾತ್ರ ಗಡಿಯಾರ ನೋಡಬೇಕು. ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದವರ ರಕ್ತ, ಮಾಂಸಗಳಲ್ಲಿ ಸಾರಜನಕ ಕರಗಿ ಕೂತಿರುತ್ತದೆ. ಬೇಗ ಎತ್ತರಕ್ಕೆ ಏರಿದರೆ ಅದು ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಯಾಗಿ ಏಳುತ್ತದೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಅದಕ್ಕೇ ಹಲವು ಸಲ ಮುಳುಗಿದವರು ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕೆಂಬ ಸಲಹೆ. ಸಾಮಾನ್ಯ ರಜೆಯಲ್ಲಿ ಕೊನೆಯ ದಿನ ಒಣಗಿ ಕೂತರೆ ಮುಗಿಯಿತು. ಪ್ರವಾಹದಲ್ಲಿ ಮಾತ್ರ ಬಂದ ವಾಹನವೇ ವಾಹನ. ಇಂಥ ರೋಗಿಯನ್ನು ಸಾಗಿಸುವ ಹೆಲಿಕಾಪ್ಟರ್ ಸಾಧ್ಯವಾದಷ್ಟು ಕೆಳಗೆ ಹಾರಬೇಕೆನ್ನುವುದೂ ಇದೇ ಕಾರಣಕ್ಕೆ. ಮದ್ದಿರುವುದು ಒತ್ತಡದ ಕೋಣೆಯಲ್ಲಿ, ಅದೂ ಎಲ್ಲ ದ್ವೀಪಗಳಲ್ಲಿ ಇರುವುದಿಲ್ಲ. ದೋಣಿ ನಿಲ್ಲುವ ಸೂಚನೆ ಸಿಕ್ಕ ದಿನ ಕಡಲು ಎಷ್ಟೇ ಶಾಂತವಾಗಿ ಕಂಡರೂ ನೀರಿಗಿಳಿಯದಿರುವುದೇ ಲೇಸು.

ನಮ್ಮಲ್ಲೂ 2016ರ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಕ್ಕೆ ಸಿಕ್ಕಿ ಅಂಡಮಾನಿನ ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗಳು ಉಳಿದುಬಿಟ್ಟಿದ್ದರು. ಅಲ್ಲಿಗೂ ನೌಕಾಪಡೆಯೇ ಹೋಗಬೇಕಾಯಿತು. (ಈಗ ಅವು ಸ್ವರಾಜ್ ದ್ವೀಪ, ಶಹೀದ್ ದ್ವೀಪ, ಹೆಸರು ಬದಲಾದ ಮಾತ್ರಕ್ಕೆ ಹವೆ ಬದಲಾಗದು.) ಥಾಯ್ಲೆಂಡಿನ ಪಶ್ಚಿಮ ಕಡಲಿನ ಫುಕೆಟ್ ಬಳಿ 2018ರ ಜುಲೈ 5ರಂದು ಬಿರುಗಾಳಿಗೆ ದೋಣಿ ಮಗುಚಿ 47 ಮಂದಿ ಚೀನೀ ಪ್ರವಾಸಿಗಳು ಸತ್ತರು. ಅವರು ನೀರಾಟ ಮುಗಿಸಿ ಮರಳುತ್ತಿದ್ದರು, ಅಷ್ಟೆ. ಆ ಕಡೆಯ ಸಿಮಿಲಾನ್ ದ್ವೀಪಗಳನ್ನು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚಿಯೇ ಇಡುತ್ತಾರೆ. ಒಂದೇ ದೇಶ, ಎರಡು ಕಡಲು, ಎರಡು ಮಳೆಗಾಲ. ಜುಲೈನಲ್ಲಿ ಥಾಯ್ಲೆಂಡ್ ಅಗ್ಗವೆಂದು ಹೊರಡುವವರು ಯಾವ ಕಡಲು ಎಂದು ಮೊದಲು ಕೇಳಬೇಕು. ಹವೆ ಕೆಟ್ಟು ದೋಣಿ ಹೊರಡದಿದ್ದರೆ ಹಣ ಮರಳಿ ಕೊಡುತ್ತಾರೆಯೇ ಎಂಬುದು ಎರಡನೆಯ ಪ್ರಶ್ನೆ. ಹಣ ಹೋಗುತ್ತದೆಂಬ ಸಂಕಟಕ್ಕೇ ಎಷ್ಟೋ ಮಂದಿ ದೋಣಿ ಹತ್ತಿಬಿಡುತ್ತಾರೆ.

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಲ್ಲಿ ಈ ಗೊಂದಲ ಕಡಿಮೆ. ಜೂನ್ ಹಿಡಿಯಿತೆಂದರೆ ಸ್ಕೂಬಾ ಬಂದ್. ಆ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಶರಾವತಿ ಹೊನ್ನಾವರದಲ್ಲಿ ಕೆಂಪಾಗಿ ಕಡಲು ಸೇರುವ ಕಾಲ ಅದು. ಡೈವಿಂಗ್ ಕಲಿಸುವವರಿಗೂ ದೋಣಿ ಬಿಡುವವರಿಗೂ ಅಷ್ಟು ದಿನ ಸಂಪಾದನೆಗೆ ಕತ್ತರಿ. ಸೆಪ್ಟೆಂಬರಿನಲ್ಲಿ ಎರಡು ದಿನ ಬಿಸಿಲು ಕಂಡ ಕೂಡಲೇ ಬೆಂಗಳೂರಿನಿಂದ ಫೋನು ಮಾಡಿ ಒತ್ತಾಯಿಸುವವರಿರುತ್ತಾರೆ. ನೀರಿನ ಕೆಂಪು ಇನ್ನೂ ಇಳಿದಿಲ್ಲ, ಹದಿನೈದು ದಿನ ಬಿಟ್ಟು ಬನ್ನಿ ಎಂದು ಆ ತುದಿಯಿಂದ ಹೇಳುವವನು ನಾಲ್ಕು ತಿಂಗಳ ಖಾಲಿ ಜೇಬಿಟ್ಟುಕೊಂಡು ಹಾಗೆ ಹೇಳುತ್ತಿರುತ್ತಾನೆ.