ವಾರ್ಡರ್ ಕೆಲಸ: ಲಾಠಿ ಹಿಡಿಯೋದಷ್ಟೇ ಕಲಿತರೆ ಸಾಕಾ?

ಚಳ್ಳಕೆರೆ: ಜೈಲು ವಾರ್ಡರ್ ಹುದ್ದೆಗೆ ಅರ್ಜಿ ಕರೆದರೆ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹುಡುಗರಿಗೆ ಅದೂ ಒಂದು ದಾರಿ. ಎಸ್ಸೆಸ್ಸೆಲ್ಸಿ ಪಾಸಾಗಿ, ಎತ್ತರ, ಓಟ ಸರಿಯಿದ್ದರೆ ಸರ್ಕಾರಿ ನೌಕರಿಯ ಆಸೆ. ಆಯ್ಕೆಯಾದ ಮೇಲೆ ಏನು ಕಲಿಸ್ತಾರೆ ಅಂತ ಕೇಳುವವರು ಕಡಿಮೆ.

ಕೇಳಲೇಬೇಕು. ಚಿತ್ರದುರ್ಗದ ರೇಣುಕಾಸ್ವಾಮಿ ಕೊಲೆ ಪ್ರಕರಣದ ಆರೋಪಿ, ನಟ ದರ್ಶನ್ ಪರಪ್ಪನ ಅಗ್ರಹಾರ ಜೈಲಿನಲ್ಲಿ ಸಿಗರೇಟು ಹಿಡಿದು ಕೂತಿದ್ದ ಫೋಟೊ 2024ರ ಆಗಸ್ಟ್‌ನಲ್ಲಿ ಹೊರಬಿತ್ತು. ಜೈಲರ್‌ಗಳಿಂದ ವಾರ್ಡರ್‌ವರೆಗೆ ಅಮಾನತಾದರು. ಅವರಿಗೇನು ಕವಾಯತು ಬರ್ತಿರಲಿಲ್ವಾ?

ಕವಾಯತು, ಲಾಠಿ, ತಪಾಸಣೆ, ಕೈದಿಗಳ ಎಣಿಕೆ ಎಲ್ಲ ಬೇಕು. ಆದರೆ ಜೈಲು ಕೆಡೋದು ಸಣ್ಣದರಿಂದ. ಇವತ್ತು ಒಂದು ಬೀಡಿ ಕಟ್ಟು, ನಾಳೆ ಮೊಬೈಲ್. ಒಮ್ಮೆ ತಗೊಂಡವನಿಗೆ ಆಮೇಲೆ 'ಇಲ್ಲ' ಅನ್ನೋಕಾಗಲ್ಲ, ಕೈದಿಯೇ ಅವನನ್ನು ಹೆದರಿಸ್ತಾನೆ. ಹೊಸಬರಿಗೆ ಇದನ್ನು ನಿಜವಾದ ಪ್ರಕರಣ ಇಟ್ಟುಕೊಂಡೇ ಹೇಳಿಕೊಡಬೇಕು.

ಅಧಿಕಾರಿಗಳ ತರಬೇತಿಗೆ ದಕ್ಷಿಣದ ರಾಜ್ಯಗಳು ಸೇರಿ ನಡೆಸುವ ವೆಲ್ಲೂರಿನ ಅಕಾಡೆಮಿ 1979ರಿಂದ ಇದೆ, ಅಲ್ಲಿನ ಮೂಲ ತರಬೇತಿಯೇ 9 ತಿಂಗಳು. ಹಗಲು ರಾತ್ರಿ ಕೈದಿಗಳ ಜೊತೆ ಇರೋದು ಮಾತ್ರ ವಾರ್ಡರ್. ಆರು ಕೈದಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು ಅನ್ನುತ್ತದೆ 2016ರ ಮಾದರಿ ಕಾರಾಗೃಹ ಕೈಪಿಡಿ. ಜನ ಸಾಲದಿದ್ದಾಗ ಹೊಸಬರನ್ನು ಬೇಗ ಡ್ಯೂಟಿಗೆ ಹಾಕುವ ಒತ್ತಡ ಸಹಜ, ಅಪಾಯವೂ ಅದೇ.

ದೇಶದ ಜೈಲುಗಳಲ್ಲಿರುವ 100 ಮಂದಿಯಲ್ಲಿ ಸುಮಾರು 75 ಮಂದಿ ಇನ್ನೂ ವಿಚಾರಣಾಧೀನರು, ತಪ್ಪು ಸಾಬೀತಾದವರಲ್ಲ. ಅವರನ್ನು ನೋಡಲು ಊರಿನಿಂದ ಬಸ್ಸು ಹತ್ತಿ ಹೋದ ಮನೆಯವರಿಗೆ ಗೇಟಿನಲ್ಲಿ ಎದುರಾಗೋದೂ ಅದೇ ವಾರ್ಡರ್.